ಮೂವತ್ತು ರಾತ್ರಿಯ ಲೆನ್ಸ್ ಮಹಾಶಯರಿಗೆ ಒಂದು ಬಿನ್ನಹ

ಸನ್ಮಾನ್ಯರೂ ಪಾರದರ್ಶಕರೂ ಹಗಲಿರುಳೆನ್ನದೆ ಸೇವೆಗೆ ನಿಂತವರೂ ಆದ ಕಾಂಟ್ಯಾಕ್ಟ್ ಲೆನ್ಸ್ ಮಹಾಶಯರ ಸನ್ನಿಧಾನಕ್ಕೆ,

ತಮ್ಮ ಮನೆತನ ದೊಡ್ಡದು. ಬೆಳಿಗ್ಗೆ ಹಾಕಿ ರಾತ್ರಿ ಎಸೆಯುವ ಲೆನ್ಸುಗಳಿವೆ, ರಾತ್ರಿ ತೆಗೆದಿಟ್ಟು ತಿಂಗಳವರೆಗೆ ಬಳಸುವವು ಇವೆ, ಅದಕ್ಕಿಂತ ಹೆಚ್ಚು ಕಾಲ ಬಾಳುವ ಗಟ್ಟಿ ಲೆನ್ಸುಗಳೂ ಇವೆ. ಈ ಪತ್ರ ಅವರಾರಿಗೂ ಅಲ್ಲ. ಕಣ್ಣಲ್ಲಿಟ್ಟುಕೊಂಡೇ ಮಲಗಬಹುದು ಎಂಬ ಪರವಾನಗಿ ಪಡೆದು, ಕೆಲವೆಡೆ ಆರು ರಾತ್ರಿ, ಕೆಲವೆಡೆ ಮೂವತ್ತು ರಾತ್ರಿ ಜಾಗ ಬಿಟ್ಟು ಕದಲದೆ ಕೂರುವ ತಮಗೊಬ್ಬರಿಗೇ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯಲು ಕಾರಣವಿಷ್ಟೆ: ತಮ್ಮನ್ನು ಕಣ್ಣಲ್ಲಿಟ್ಟುಕೊಂಡು ಓಡಾಡುವವರ ಕಿವಿಗೂ ಈ ಮಾತು ಬೀಳಬೇಕು.

ಮೊದಲು ಕೃತಜ್ಞತೆ, ಅದೂ ಮನಃಪೂರ್ವಕವಾಗಿ. ಮೈನಸ್ ಎಂಟೋ ಹತ್ತೋ ಪವರಿನ ಕನ್ನಡಕ ಹೊತ್ತು, ಶಾಲೆಯಲ್ಲಿ ‘ಸೋಡಾಬುಡ್ಡಿ’ ಎನ್ನಿಸಿಕೊಂಡು ಬೆಳೆದ ಮಕ್ಕಳಿಗೆ ತಾವು ಕೊಟ್ಟದ್ದು ಬರೀ ಅಂದವಲ್ಲ. ದಪ್ಪ ಗಾಜು ಎದುರಿಗಿರುವುದನ್ನೆಲ್ಲ ಚಿಕ್ಕದು ಮಾಡಿ ತೋರಿಸುತ್ತದೆ, ಅಂಚಿನಲ್ಲಿ ಸೊಟ್ಟ ಮಾಡುತ್ತದೆ. ತಾವು ಕಣ್ಣಿನ ಜೊತೆಗೇ ಹೊರಳುವುದರಿಂದ ಇದ್ದದ್ದು ಹೆಚ್ಚುಕಡಿಮೆ ಇದ್ದಂತೆ ಕಾಣುತ್ತದೆ. ಕನ್ನಡಕ ಬಿಚ್ಚಿಟ್ಟು ರಂಗವೇರಿ, ಮುಂದಿನ ಸಾಲಿನ ಮುಖಗಳೂ ಮಂಜಾಗಿ, ಅಂದಾಜಿನ ಮೇಲೆ ಹೆಜ್ಜೆ ಹಾಕುತ್ತಿದ್ದ ಭರತನಾಟ್ಯದ ಹುಡುಗಿಯರು ತಮ್ಮಿಂದಾಗಿ ಧೈರ್ಯವಾಗಿ ಕುಣಿಯುತ್ತಾರೆ. ಹುಟ್ಟುವಾಗಲೇ ಪೊರೆ ಬಂದ ಕೂಸಿನ ಕಣ್ಣಿನಿಂದ ಒಳಗಿನ ಮಸೂರವನ್ನೇ ತೆಗೆಯಬೇಕಾಗಿ ಬಂದಾಗ, ಸಿಲಿಕೋನಿನ ತಮ್ಮ ಸೋದರರು ಆ ಪುಟ್ಟ ಕಣ್ಣಿನ ಮೇಲೆ ರಾತ್ರಿಯೂ ಕೂತು, ಮಿದುಳು ನೋಡುವುದನ್ನು ಕಲಿಯುವಷ್ಟು ಬೆಳಕು ಒದಗಿಸುತ್ತಾರೆ. ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲ್ಪದರ ಸುಲಿದುಹೋದವರಿಗೆ ಬ್ಯಾಂಡೇಜ್ ಲೆನ್ಸ್ ಎಂಬ ಹೆಸರಿನಲ್ಲಿ ತಾವೇ ನೋವು ಇಳಿಸುತ್ತೀರಿ. ಇವೆಲ್ಲ ವೈದ್ಯರ ಕಣ್ಗಾವಲಿನಲ್ಲಿ, ಮತ್ತೆ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳುತ್ತ ನಡೆಯುವ ಉಪಕಾರಗಳು. ಅಲ್ಲಿ ತಮ್ಮ ಮೇಲೆ ನನಗೆ ಯಾವ ದೂರೂ ಇಲ್ಲ.

ತಮ್ಮ ಮೂಲಪುರುಷರಿಗೂ ಒಂದು ನಮಸ್ಕಾರ ಸಲ್ಲಬೇಕು. ಪ್ರಾಗ್ ನಗರದ ರಸಾಯನಶಾಸ್ತ್ರಜ್ಞ ಓಟೊ ವಿಖ್ಟೆರ್ಲೆ ಮತ್ತು ಅವರ ಜೊತೆಗಾರ ಡ್ರಾಹೊಸ್ಲಾವ್ ಲಿಮ್ 1950ರ ದಶಕದಲ್ಲಿ ನೀರು ಹೀರಿ ಮೆದುವಾಗುವ ಪ್ಲಾಸ್ಟಿಕ್ ಒಂದನ್ನು ಕಂಡುಹಿಡಿದರು. ಅದಕ್ಕೆ ಲೆನ್ಸಿನ ರೂಪ ಕೊಡುವುದು ಪ್ರಯೋಗಾಲಯದಲ್ಲಿ ಕೈಗೂಡಿರಲಿಲ್ಲ. 1961ರ ಕ್ರಿಸ್‌ಮಸ್ ಹೊತ್ತಿಗೆ ವಿಖ್ಟೆರ್ಲೆ ಮನೆಯಲ್ಲೇ ಮಕ್ಕಳ ಆಟದ ಲೋಹದ ಪಟ್ಟಿಗಳನ್ನು ಜೋಡಿಸಿ, ಸೈಕಲ್ಲಿನ ಡೈನಮೋ ಸಿಕ್ಕಿಸಿ, ಗರಗರ ತಿರುಗುವ ಅಚ್ಚಿನಲ್ಲಿ ಮೊದಲ ಮೆದು ಲೆನ್ಸುಗಳನ್ನು ಎರೆದರು. ಹತ್ತು ವರ್ಷದ ಮೇಲೆ, 1971ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಆ ಬಗೆಯ ಲೆನ್ಸಿಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಜಗತ್ತಿನ ಕಣ್ಣುಗಳಿಗೆಲ್ಲ ತಾವು ಬಂದಿರಿ. ಇಂಥ ಕುಲದಲ್ಲಿ ಹುಟ್ಟಿದವರ ಮೇಲೆ ದೂರು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ. ಆದರೂ ಬರೆಯುತ್ತೇನೆ. ಅನ್ಯಥಾ ಭಾವಿಸಬಾರದು.

ತಾವು ಕೂತಿರುವ ಪೀಠ ಎಂಥದ್ದೆಂದು ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಲಿ. ಕಾರ್ನಿಯಾ ಎಂಬುದು ನಡುವೆ ಅರ್ಧ ಮಿಲಿಮೀಟರಿಗಿಂತ ಚೂರೇಚೂರು ಹೆಚ್ಚು ದಪ್ಪದ ಪೊರೆ. ಬೆಳಕು ಹಾಯಬೇಕಾದ್ದರಿಂದ ಅದರಲ್ಲಿ ರಕ್ತನಾಳಗಳಿಲ್ಲ. ಹೀಗಾಗಿ ಅದು ಆಮ್ಲಜನಕವನ್ನು ಬಹುಪಾಲು ಹೊರಗಿನ ಗಾಳಿಯಿಂದಲೇ, ಕಣ್ಣೀರಿನ ಮೂಲಕ ಪಡೆಯಬೇಕು. ಕಣ್ಣು ತೆರೆದಿರುವಾಗ ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕ ಸಿಗುತ್ತದೆ. ಕಣ್ಣು ಮುಚ್ಚಿದ ಮೇಲೆ ರೆಪ್ಪೆಯ ಒಳಮೈಯ ರಕ್ತನಾಳಗಳಿಂದ ಸೋರಿ ಬರುವುದೇ ಗತಿ, ಆಮ್ಲಜನಕದ ಪ್ರಮಾಣ ಸುಮಾರು ಶೇ 8ಕ್ಕೆ ಇಳಿಯುತ್ತದೆ. ಲೆನ್ಸ್ ಹಾಕದವರ ಕಾರ್ನಿಯಾ ಕೂಡ ಬೆಳಗಾಗುವಷ್ಟರಲ್ಲಿ ಶೇ 3-4ರಷ್ಟು ಊದಿಕೊಂಡಿರುತ್ತದೆ; ಕಣ್ಣು ಬಿಟ್ಟ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಬರಿಗಣ್ಣಿಗೇ ರಾತ್ರಿ ಇಷ್ಟು ಇಕ್ಕಟ್ಟು. ಅದರ ಮೇಲೆ ತಾವೂ ಹಾಸಿಕೊಂಡು ಮಲಗುತ್ತೀರಿ.

ಗಾಳಿಯೊಂದೇ ಅಲ್ಲ. ಎಚ್ಚರವಿರುವಾಗ ನಾವು ನಿಮಿಷಕ್ಕೆ ಹತ್ತು ಹದಿನೈದು ಬಾರಿ ಎವೆ ಬಡಿಯುತ್ತೇವೆ. ಪ್ರತಿ ಬಡಿತಕ್ಕೂ ಕಣ್ಣೀರು ಹರಿದು ಕಸ ಕ್ರಿಮಿಗಳನ್ನು ಮೂಲೆಗೆ ದೂಡುತ್ತದೆ. ಆ ಕಣ್ಣೀರಿನಲ್ಲಿ ಬ್ಯಾಕ್ಟೀರಿಯಾಗಳ ಗೋಡೆ ಒಡೆಯುವ ಲೈಸೊಜೈಮ್ ಎಂಬ ವಸ್ತುವಿದೆ. ಪೆನಿಸಿಲಿನ್‌ಗೆ ಮುಂಚೆಯೇ, 1922ರಲ್ಲಿ, ಅಲೆಕ್ಸಾಂಡರ್ ಫ್ಲೆಮಿಂಗ್ ವಿವರಿಸಿದ್ದು ಇದನ್ನೇ. ನಿದ್ದೆಯಲ್ಲಿ ಎವೆ ಬಡಿತ ನಿಲ್ಲುತ್ತದೆ. ತಮ್ಮ ಅಡಿಯಲ್ಲಿ ತೆಳುವಾಗಿ ಸಿಕ್ಕಿಬಿದ್ದ ಕಣ್ಣೀರು ಅಲ್ಲೇ ನಿಲ್ಲುತ್ತದೆ, ಸತ್ತ ಕೋಶಗಳೂ ಹಗಲಿನಲ್ಲಿ ಅಂಟಿದ ಕ್ರಿಮಿಗಳೂ ಅದರೊಳಗೇ ಉಳಿಯುತ್ತವೆ. ಇತ್ತ ಉಸಿರು ಸಾಲದೆ ಕಾರ್ನಿಯಾದ ಮೇಲ್ಪದರ ಸೊರಗಿರುತ್ತದೆ. ಸೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇಷ್ಟು ಅನುಕೂಲ ಸಾಕು. ನಲ್ಲಿಯ ಬಾಯಿ, ಸಿಂಕು, ಒದ್ದೆ ಡಬ್ಬಿ, ಎಲ್ಲೆಂದರಲ್ಲಿ ಬದುಕುವ ಆ ಜೀವಿ ಕಾರ್ನಿಯಾಕ್ಕೆ ಇಳಿದರೆ ಒಂದೆರಡು ದಿನದೊಳಗೆ ಅದನ್ನು ಕರಗಿಸಿ ಹುಣ್ಣು ಮಾಡಬಲ್ಲದು.

ತಮ್ಮ ಪರವಾನಗಿಯ ಚರಿತ್ರೆಯನ್ನು ತಮಗೇ ನೆನಪಿಸುವುದು ಅಧಿಕಪ್ರಸಂಗ, ಕ್ಷಮಿಸಬೇಕು. ಆದರೆ ಅದು ಪೆಟ್ಟಿಗೆಯ ಮೇಲೆ ಅಚ್ಚಾಗಿಲ್ಲ. 1981ರಲ್ಲಿ ಎಫ್‌ಡಿಎ ಮೂವತ್ತು ದಿನ ಸತತ ಧರಿಸಲು ಅನುಮತಿ ಕೊಟ್ಟಿತು. ಜನ ನಂಬಿದರು, ಮಲಗಿದರು. 1989ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ಲೆಕ್ಕ ಹಾಕಿ ನೋಡಿದಾಗ, ಹಗಲು ಮಾತ್ರ ಹಾಕುವ ಮೆದು ಲೆನ್ಸಿನವರಲ್ಲಿ ವರ್ಷಕ್ಕೆ ಹತ್ತು ಸಾವಿರ ಮಂದಿಯಲ್ಲಿ ಸುಮಾರು 4 ಜನರಿಗೆ ಕಾರ್ನಿಯಾ ಹುಣ್ಣಾಗಿದ್ದರೆ, ರಾತ್ರಿಯೂ ಧರಿಸುವ ಬಗೆಯ ಲೆನ್ಸಿನವರಲ್ಲಿ ಅದು ಸುಮಾರು 21 ಆಗಿತ್ತು. ಅದೇ ವರ್ಷ ಮೂವತ್ತು ದಿನದ ಅನುಮತಿಯನ್ನು ಏಳು ದಿನಕ್ಕೆ ಇಳಿಸಲಾಯಿತು. ತಾವು ಸುಮ್ಮನೆ ಕೂರಲಿಲ್ಲ. ಮುಚ್ಚಿದ ಕಣ್ಣಿಗೆ ಲೆನ್ಸಿನ ಮೂಲಕ ಎಷ್ಟು ಆಮ್ಲಜನಕ ದಾಟಬೇಕೆಂಬುದನ್ನು ಆಸ್ಟ್ರೇಲಿಯಾದ ಬ್ರಿಯನ್ ಹೋಲ್ಡನ್ ಮತ್ತು ಜಾರ್ಜ್ ಮರ್ಟ್ಜ್ 1984ರಲ್ಲೇ ಅಳೆದು ಹೇಳಿದ್ದರು. ಈ ಹೋಲ್ಡನ್ ನಮ್ಮವರಿಗೂ ಬೇಕಾದವರು, ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಆಪ್ಟೊಮೆಟ್ರಿ ಶಾಲೆಗೆ ಅವರ ಹೆಸರಿದೆ. ಆ ಅಳತೆ ಮುಟ್ಟಲು 1990ರ ದಶಕದ ಕೊನೆಯಲ್ಲಿ ಸಿಲಿಕೋನ್ ಹೈಡ್ರೋಜೆಲ್ ಎಂಬ ಹೊಸ ಮೈ ತಳೆದು ಬಂದಿರಿ. ಹಳೆಯ ಲೆನ್ಸುಗಳಿಗಿಂತ ಹಲವು ಪಟ್ಟು ಆಮ್ಲಜನಕ ದಾಟಿಸಿದಿರಿ. ಅದಕ್ಕೆ ತಲೆಬಾಗುತ್ತೇನೆ. 2001ರಲ್ಲಿ ಮೂವತ್ತು ರಾತ್ರಿಯ ಪರವಾನಗಿ ತಮಗೆ ಮರಳಿ ಸಿಕ್ಕಿತು.

ಉಸಿರಿನ ತೊಂದರೆ ನೀಗಿದರೆ ಹುಣ್ಣೂ ತಪ್ಪುತ್ತದೆ ಎಂದು ಎಲ್ಲರೂ ಕಾದರು. 2008ರಲ್ಲಿ ಆಸ್ಟ್ರೇಲಿಯಾದಿಂದ ಲೆಕ್ಕ ಬಂತು. ಹೊಸ ಮೈಯ ತಮ್ಮನ್ನು ಹಾಕಿಕೊಂಡು ಮಲಗುವವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ಸುಮಾರು 25 ಮಂದಿಗೆ ಸೋಂಕು. ಹಗಲು ಮಾತ್ರ ಮೆದು ಲೆನ್ಸ್ ಹಾಕುವವರಲ್ಲಿ ಸುಮಾರು 2. ಕಣ್ಣಿಗೆ ಗಾಳಿ ಒದಗಿತು, ಕ್ರಿಮಿಗಳ ಕಾಟ ಕಡಿಮೆಯಾಗಲಿಲ್ಲ. ನನ್ನ ದೂರಿನ ಬೇರು ಇರುವುದು ಇಲ್ಲೇ. ತಾವು ಸುಳ್ಳು ಹೇಳಿದಿರಿ ಎಂದು ನಾನು ಹೇಳುವುದಿಲ್ಲ. ‘ಮೂವತ್ತು ರಾತ್ರಿಯವರೆಗೆ’ ಎಂಬುದು ಗರಿಷ್ಠ ಮಿತಿ. ಎಲ್ಲರ ಕಣ್ಣೂ ಅಷ್ಟು ತಡೆಯುತ್ತದೆಂಬ ಭರವಸೆ ಅಲ್ಲ. ಅದನ್ನು ಓದುವವರು ಭರವಸೆ ಎಂದೇ ಓದುತ್ತಾರೆ, ತಾವು ತಿದ್ದುವುದಿಲ್ಲ. ಹತ್ತು ಸಾವಿರಕ್ಕೆ ಇಪ್ಪತ್ತೈದು ದೊಡ್ಡ ಸಂಖ್ಯೆಯಲ್ಲ ಎಂದು ತಾವು ವಾದಿಸಬಹುದು. ಆದರೆ ನಮ್ಮ ಸೀಮೆಯಲ್ಲಿ ಕಾರ್ನಿಯಾದ ಹುಣ್ಣು ಹೊತ್ತು ಆಸ್ಪತ್ರೆಗೆ ಬರುವ ಹಳ್ಳಿಗರಲ್ಲಿ ಬಹಳ ಮಂದಿ ಭತ್ತದ ಹೊಟ್ಟು ಹಾರಿ, ಜೋಳದ ಗರಿ ತಾಗಿ, ಕಡ್ಡಿ ಚುಚ್ಚಿ ಬಂದವರು. ಅವರಿಗೆ ಗದ್ದೆಗೆ ಇಳಿಯದೆ ಬೇರೆ ದಾರಿ ಇರಲಿಲ್ಲ. ಮಲಗುವ ಮುನ್ನ ಎರಡು ನಿಮಿಷ ಕನ್ನಡಿಯ ಮುಂದೆ ನಿಂತಿದ್ದರೆ ತಪ್ಪುತ್ತಿದ್ದ ಹುಣ್ಣನ್ನು ಆ ಸಾಲಿಗೆ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸಕ್ಕಿದ್ದಾಳೆ. ತಮ್ಮ ಮೇಲೆ ಅವಳಿಗಿದ್ದ ನಂಬಿಕೆಯನ್ನು ತಾವು ನೋಡಬೇಕಿತ್ತು. ‘ಕಣ್ಣು ಕೆಂಪಾಗಿದೆಯಲ್ಲೇ, ರಾತ್ರಿ ತೆಗೆದಿಡಬಾರದಾ’ ಎಂದು ನಾನು ಕೇಳಿದರೆ, ‘ದೊಡ್ಡಮ್ಮ, ಇದು ಹಾಕ್ಕೊಂಡು ಮಲಗೋಕಂತಲೇ ಮಾಡಿರೋದು, ಬಾಕ್ಸ್ ಮೇಲೇ ಇದೆ’ ಎನ್ನುತ್ತಿದ್ದಳು. ಕ್ಯಾಬಿನಲ್ಲಿ ನಿದ್ದೆ, ಊರಿಗೆ ಬರುವ ಸ್ಲೀಪರ್ ಬಸ್ಸಿನಲ್ಲಿ ನಿದ್ದೆ, ಭಾನುವಾರ ಮಧ್ಯಾಹ್ನ ನಿದ್ದೆ, ಎಲ್ಲ ತಮ್ಮ ಸಮೇತ. ಒಂದು ಬೆಳಿಗ್ಗೆ ಕಣ್ಣು ಬಿಡಲಾಗಲಿಲ್ಲ. ಕಿಟಕಿಯ ಬೆಳಕೂ ಸಹಿಸದಷ್ಟು ಉರಿ, ಕರಿಗುಡ್ಡೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. ಕಣ್ಣಾಸ್ಪತ್ರೆಯಲ್ಲಿ ಕಾರ್ನಿಯಾವನ್ನು ಕೆರೆದು ಪರೀಕ್ಷೆಗೆ ಕಳಿಸಿದರು. ಗಂಟೆಗೊಮ್ಮೆ ಹನಿ ಹಾಕಬೇಕು, ರಾತ್ರಿಯೂ. ನಾನೂ ತಂಗಿಯೂ ಸರದಿಯ ಮೇಲೆ ಅಲಾರಾಂ ಇಟ್ಟು ಎದ್ದು ಹಾಕಿದೆವು. ಕಣ್ಣು ಉಳಿಯಿತು. ಕಲೆ ನಡುವಿನಲ್ಲಿ ಇಲ್ಲದ ಕಾರಣ ಓದಲು ಬರೆಯಲು ತೊಂದರೆಯಿಲ್ಲ. ಕತ್ತಲಲ್ಲಿ ಎದುರಿನ ಗಾಡಿಯ ಹೆಡ್‌ಲೈಟು ಮಾತ್ರ ಆ ಕಣ್ಣಿನಲ್ಲಿ ಒಡೆದು ಹರಡುತ್ತದೆ. ಅವಳು ಸ್ಕೂಟರ್ ಬಿಟ್ಟಿದ್ದಾಳೆ. ಇಷ್ಟನ್ನು ತಮ್ಮ ಪಾದಕ್ಕೆ ಒಪ್ಪಿಸುತ್ತಿದ್ದೇನೆ.

ತಮ್ಮನ್ನು ಅವಳಿಗೆ ಮಾರಿದ ಆಪ್ಟಿಕಲ್ಸ್ ಅಂಗಡಿಯವರ ಉಪಚಾರವನ್ನೂ ಮರೆಯುವಂತಿಲ್ಲ. ಕನ್ನಡಕದ ಚೀಟಿ ನೋಡಿದರು, ಪವರ್ ಹೊಂದಿಸಿದರು, ಪೆಟ್ಟಿಗೆ ಕೈಗಿತ್ತು ನಗುತ್ತ ಕಳಿಸಿಕೊಟ್ಟರು. ತಮಗೆ ಪವರ್ ಅಲ್ಲದೆ ಬಾಗು, ಅಗಲ ಎಂಬ ಅಳತೆಗಳೂ ಇವೆ, ಒಬ್ಬರ ಕಣ್ಣಿಗೆ ಕೂತದ್ದು ಇನ್ನೊಬ್ಬರಿಗೆ ಬಿಗಿಯಾಗಬಹುದು ಎಂದು ಯಾರೂ ಹೇಳಲಿಲ್ಲ. ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಿ, ಎವೆ ಬಡಿದಾಗ ತಾವು ಸ್ವಲ್ಪ ಜರುಗುತ್ತೀರೋ ಅಂಟಿಕೊಂಡೇ ಇರುತ್ತೀರೋ ಎಂದು ನೋಡಬೇಕಿತ್ತು. ಮೊದಲು ಕೆಲವು ದಿನ ಹಗಲು ಮಾತ್ರ ಹಾಕಿಸಿ, ಆಮೇಲೆ ಒಂದು ರಾತ್ರಿ ಮಲಗಲು ಬಿಟ್ಟು, ಮರುದಿನ ಬೆಳಿಗ್ಗೆಯೇ ಕರೆದು ಕಾರ್ನಿಯಾ ಪರೀಕ್ಷಿಸಬೇಕಿತ್ತು. ರಾತ್ರಿಯ ಬಳಕೆ ಎಂಬುದು ಕಣ್ಣು ನೋಡಿದ ವೈದ್ಯರೋ ಆಪ್ಟೊಮೆಟ್ರಿಸ್ಟರೋ ಆ ಒಂದು ಕಣ್ಣಿಗೆ ಕೊಡುವ ರಿಯಾಯಿತಿ. ಕಣ್ಣು ಒಣಗುವವರಿಗೆ, ರೆಪ್ಪೆಯಲ್ಲಿ ಸದಾ ಕುರು ಏಳುವವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಅದು ಸಲ್ಲದು. ಅಂಗಡಿಯ ಗಲ್ಲೆಯ ಮೇಲೆ ಕೊಡುವ ರಿಯಾಯಿತಿಯೇ ಬೇರೆ.

ನೀರಿನ ವಿಷಯದಲ್ಲಿ ತಮ್ಮ ಮಡಿವಂತಿಕೆ ನನಗೆ ಪೂರ್ತಿ ಒಪ್ಪಿಗೆ. ಅದನ್ನು ನಮ್ಮ ಜನಕ್ಕೆ ತಾವು ಗಟ್ಟಿಯಾಗಿ ಹೇಳುವುದಿಲ್ಲವಲ್ಲ ಎಂಬುದೇ ಬೇಸರ. ಕಾವೇರಿ ನೀರಾಗಲಿ, ಬೋರ್‌ವೆಲ್ ನೀರಾಗಲಿ, ಸಂಪಿನಲ್ಲಿ ನಿಂತು ಟ್ಯಾಂಕಿಗೆ ಏರಿ ನಲ್ಲಿಗೆ ಇಳಿಯುವ ನೀರು ತಮಗೆ ತಾಗಬಾರದು. ಆರ್‌ಒ ಫಿಲ್ಟರಿನದು, ಕ್ಯಾನಿನದು ಕುಡಿಯಲು ಸೈ, ಕ್ರಿಮಿಶುದ್ಧವಲ್ಲ. ಅಕಾಂತಮೀಬಾ ಎಂಬ ಏಕಕೋಶಜೀವಿ ನಲ್ಲಿನೀರಿನಲ್ಲೂ ಈಜುಕೊಳದಲ್ಲೂ ಇರುತ್ತದೆ. ಸಂಕಟ ಬಂದರೆ ಗಟ್ಟಿ ಕವಚದೊಳಗೆ ಅಡಗಿ ಕ್ಲೋರಿನ್ನನ್ನೂ ಜಯಿಸುತ್ತದೆ. ಅದು ಕಾರ್ನಿಯಾ ಹೊಕ್ಕರೆ ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತದೆ, ನೋವು ಕಾಣಿಸುವ ಗಾಯಕ್ಕಿಂತ ಹೆಚ್ಚಿರುತ್ತದೆ. ಆದ್ದರಿಂದ ತಮ್ಮನ್ನು ಹಾಕಿಕೊಂಡು ತಲೆಸ್ನಾನ ಬೇಡ, ಈಜು ಬೇಡ, ಜಲಪಾತದ ಕೆಳಗೆ ನಿಲ್ಲುವುದು ಬೇಡ. ಕೈ ಸೋಪು ಹಚ್ಚಿ ತೊಳೆದು, ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಬೆರಳಿನಿಂದಲೇ ತಮ್ಮನ್ನು ಮುಟ್ಟಬೇಕು. ಉಗುಳು ಹಚ್ಚಿ ಮತ್ತೆ ಕಣ್ಣಿಗೆ ಹಾಕುವುದನ್ನು ನಾನೇ ನೋಡಿದ್ದೇನೆ, ಅದರ ಬಗ್ಗೆ ಹೆಚ್ಚು ಹೇಳಲಾರೆ.

ತಮ್ಮ ಡಬ್ಬಿಯ ಪಾಡು ಇನ್ನೊಂದು. ಲೆನ್ಸ್ ತೊಳೆದು ನೆನೆಸಿಡುವ ನಿನ್ನೆಯ ಸೊಲ್ಯೂಷನ್ ಚೆಲ್ಲದೆ ಮೇಲಿಂದ ನಾಲ್ಕು ಹನಿ ಹೊಸದನ್ನು ಸೇರಿಸುವುದು ಹಳಸಿದ ಸಾರಿಗೆ ಹೊಸ ಸಾರು ಸುರಿದ ಹಾಗೆ. 2006ರಲ್ಲಿ ಫ್ಯೂಸೇರಿಯಂ ಎಂಬ ಶಿಲೀಂಧ್ರದ ಸೋಂಕು ಸಿಂಗಪುರ, ಹಾಂಗ್‌ಕಾಂಗ್, ಅಮೆರಿಕಗಳ ಲೆನ್ಸ್ ಬಳಕೆದಾರರಲ್ಲಿ ಹರಡಿ, ಒಂದು ಬಗೆಯ ಸೊಲ್ಯೂಷನ್ನನ್ನು ಜಗತ್ತಿನ ಪೇಟೆಗಳಿಂದಲೇ ಹಿಂದಕ್ಕೆ ಕರೆಸಬೇಕಾಯಿತು. ತನಿಖೆಯಲ್ಲಿ ಎದ್ದು ಕಂಡ ರೂಢಿಗಳಲ್ಲಿ ಹೀಗೆ ಹಳೆಯದರ ಮೇಲೆ ಹೊಸದು ಸುರಿಯುವುದೂ ಒಂದು. ತಮ್ಮನ್ನು ಹೊರತೆಗೆದಾಗಲೆಲ್ಲ ಅಂಗೈಯಲ್ಲಿಟ್ಟು ಸೊಲ್ಯೂಷನ್ ಹಾಕಿ ಬೆರಳಿನಿಂದ ಉಜ್ಜಬೇಕು, ಬಾಟಲಿಯ ಮೇಲೆ ಉಜ್ಜುವುದು ಬೇಡವೆಂದು ಬರೆದಿದ್ದರೂ ಉಜ್ಜಬೇಕು. ಡಬ್ಬಿಯನ್ನು ಸೊಲ್ಯೂಷನ್ನಿನಲ್ಲೇ ತೊಳೆದು, ಒರೆಸಿ, ಬಾಯಿ ಕೆಳಗೆ ಮಾಡಿ ಒಣಗಿಸಬೇಕು. ಅದನ್ನು ಬಚ್ಚಲಿನಲ್ಲಿ ಇಡಬಾರದು. ಹೆಚ್ಚೆಂದರೆ ಮೂರು ತಿಂಗಳಿಗೆ ಹೊಸ ಡಬ್ಬಿ. ದುಬಾರಿ ಲೆನ್ಸ್ ಕೊಂಡವರು ಈ ಅಗ್ಗದ ಪ್ಲಾಸ್ಟಿಕ್ಕಿಗೆ ವರ್ಷಗಟ್ಟಲೆ ಜಿಪುಣತನ ತೋರುವುದು ನನಗೆ ಅರ್ಥವಾಗದ ಸಂಗತಿ.

ಕಾಡಿಗೆ, ಮೆಣಸಿನಕಾಯಿ, ಹೋಳಿಯ ಬಣ್ಣ: ಮೂರಕ್ಕೂ ತಾವು ದೂರ. ಮದುವೆ ಮನೆಯಲ್ಲಿ ಮೊದಲು ಲೆನ್ಸ್, ಆಮೇಲೆ ಅಲಂಕಾರ. ರೆಪ್ಪೆಯ ಒಳ ಅಂಚಿಗೆ ಕಾಡಿಗೆ ಎಳೆಯಬಾರದು. ಅಲಂಕಾರಕ್ಕೆಂದು ಮಾರುವ ಬಣ್ಣದ ಲೆನ್ಸನ್ನು ಅಕ್ಕತಂಗಿಯರು ಒಬ್ಬರದು ಒಬ್ಬರು ಹಾಕಿಕೊಳ್ಳುವುದು ರೋಗ ಹಂಚಿಕೊಳ್ಳುವ ಕೆಲಸ.

ಇನ್ನು ಮೆಡಿಕಲ್ ಶಾಪಿನ ಬಗ್ಗೆ. ಕಣ್ಣು ಕೆಂಪಾದ ಕೂಡಲೇ ಅಲ್ಲಿ ಹೋಗಿ ‘ಒಂದು ಡ್ರಾಪ್ಸ್ ಕೊಡಿ’ ಎಂದು ಕೇಳುವುದು ನಮ್ಮೂರುಗಳ ಪದ್ಧತಿ. ಕೆಲವು ಹನಿಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಅದು ಕೆಂಪನ್ನು ಇಳಿಸುತ್ತದೆ, ಉರಿ ತಗ್ಗಿಸುತ್ತದೆ. ದೇಹದ ಪ್ರತಿರೋಧ ಅಡಗಿದ ಆ ಹೊತ್ತಿನಲ್ಲಿ ಕ್ರಿಮಿಗಳು, ಅದರಲ್ಲೂ ಶಿಲೀಂಧ್ರ, ಒಳಕ್ಕಿಳಿಯುತ್ತವೆ. ವಾಸಿಯಾಯಿತೆಂದು ಇರುವಾಗ ಕಾರ್ನಿಯಾ ಕರಗುತ್ತಿರುತ್ತದೆ. ಎದೆಹಾಲು, ಹರಳೆಣ್ಣೆ, ಪನ್ನೀರು ಹಾಕುವ ಹಿರಿಯರಿಗೂ ಇದೇ ಕೈಮುಗಿದ ಪ್ರಾರ್ಥನೆ: ಲೆನ್ಸ್ ಹಾಕುವವರ ಕೆಂಗಣ್ಣಿಗೆ ಮನೆಮದ್ದು ಬೇಡ.

ಕಲೆ ನಡುವಿನಲ್ಲೇ ಬಿದ್ದರೆ ಕೊನೆಗೆ ಉಳಿಯುವುದು ಕಾರ್ನಿಯಾ ಕಸಿ. ಅದು ಕಾರ್ಖಾನೆಯಿಂದ ಬರುವುದಿಲ್ಲ. ಯಾರೋ ತೀರಿಕೊಂಡ ಮನೆಯಲ್ಲಿ, ಅಳುವಿನ ನಡುವೆ, ಕೆಲವೇ ಗಂಟೆಗಳೊಳಗೆ ಒಪ್ಪಿಗೆ ಕೊಟ್ಟವರಿಂದ ಬರುತ್ತದೆ. 2006ರಲ್ಲಿ ನಟ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರಲ್ಲಿ ಅವರ ಮಗ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಾರ್ನಿಯಾಗಳ ಪದರ ಬಿಡಿಸಿ ನಾಲ್ವರಿಗೆ ಕಸಿ ಮಾಡಿದರು. ಆಮೇಲೆ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸುವವರ ಸಾಲು ಬೆಳೆಯಿತು. ಅಷ್ಟಾದರೂ ಕಾಯುತ್ತಿರುವವರು ಹೆಚ್ಚು, ಸಿಗುವ ಕಣ್ಣು ಕಡಿಮೆ. ಆ ಸರದಿಯಲ್ಲಿ ಭತ್ತ ಬಡಿಯುವವನ ಹಿಂದೆ, ನಿದ್ದೆಗೆ ಮುಂಚೆ ಲೆನ್ಸ್ ತೆಗೆಯಲು ಬೇಸರಪಟ್ಟ ಇನ್ನೊಬ್ಬರು ನಿಲ್ಲುವಂತೆ ಮಾಡಬೇಡಿ.

ಮಹಾಶಯರೇ, ತಮ್ಮಲ್ಲಿ ನನ್ನ ಬೇಡಿಕೆ ಒಂದೇ. ಪೆಟ್ಟಿಗೆಯ ಮೇಲೆ ‘ಮೂವತ್ತು ರಾತ್ರಿ’ ಎಂಬುದು ಎಷ್ಟು ದಪ್ಪ ಅಕ್ಷರದಲ್ಲಿದೆಯೋ ಅಷ್ಟೇ ದಪ್ಪದಲ್ಲಿ, ಕನ್ನಡದಲ್ಲಿ, ‘ಹಾಕಿಕೊಂಡು ಮಲಗಿದರೆ ಸೋಂಕಿನ ಅಪಾಯ ಹಲವು ಪಟ್ಟು ಹೆಚ್ಚು’ ಎಂದೂ ಬರೆಸಿಕೊಳ್ಳಿ. ತಮ್ಮ ಗೌರವಕ್ಕೆ ಅದರಿಂದ ಕುಂದಿಲ್ಲ.

ಓದುತ್ತಿರುವವರಲ್ಲಿ ಲೆನ್ಸ್ ಹಾಕುವವರಿದ್ದರೆ ಅವರಿಗೆ ಎರಡು ಮಾತು. ವೈದ್ಯರು ನಿಮ್ಮ ಕಣ್ಣು ನೋಡಿ ಹೇಳದ ಹೊರತು ರಾತ್ರಿ ತೆಗೆದಿಡಿ. ಅವರು ಒಪ್ಪಿದ್ದರೂ ಜ್ವರ ನೆಗಡಿ ಇರುವ ದಿನ ಬೇಡ. ಹೇಳಿದ ದಿನಕ್ಕೆ ತೆಗೆದು ಒಂದು ರಾತ್ರಿ ಕಣ್ಣನ್ನು ಖಾಲಿ ಬಿಡಿ. ನಿದ್ದೆಯಿಂದ ಎದ್ದಾಗ ಲೆನ್ಸ್ ಒಣಗಿ ಅಂಟಿದ್ದರೆ ಕೀಳಬೇಡಿ, ಲೆನ್ಸಿಗೆಂದೇ ಇರುವ ತೇವದ ಹನಿ ಹಾಕಿ ಸಡಿಲವಾಗುವವರೆಗೆ ಕಾಯಿರಿ. ಸರಿಯಾದ ಪವರಿನ ಕನ್ನಡಕ ಒಂದು ಸದಾ ಮನೆಯಲ್ಲಿರಲಿ. ಅದಿಲ್ಲದವರೇ ಕೆಂಪು ಕಣ್ಣಿನ ಮೇಲೂ ಲೆನ್ಸ್ ಹಾಕಿಕೊಂಡು ಹೊರಡುತ್ತಾರೆ. ಪ್ರತಿದಿನ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿ: ಕೆಂಪಿದೆಯೇ, ನೋವಿದೆಯೇ, ಮಂಜಿದೆಯೇ, ಬೆಳಕು ಚುಚ್ಚುತ್ತಿದೆಯೇ. ಒಂದಕ್ಕೆ ಹೌದೆಂದರೂ ಲೆನ್ಸ್ ತೆಗೆಯಿರಿ, ಎಸೆಯಬೇಡಿ. ಡಬ್ಬಿ ಮತ್ತು ಲೆನ್ಸನ್ನು ಜೊತೆಗೇ ತೆಗೆದುಕೊಂಡು, ನಾಳೆ ನೋಡೋಣ ಎನ್ನದೆ, ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಹೋಗಿ.

ಇತಿ ತಮ್ಮ ವಿಧೇಯಳು,
ಲೆನ್ಸ್ ಹಾಕುತ್ತಿದ್ದ ಹುಡುಗಿಯೊಬ್ಬಳ ದೊಡ್ಡಮ್ಮ